ಖುಲ್ಲಾ ಜಾಗದ ತಕರಾರು

ಪುರಸಭೆಯ ಆರೋಗ್ಯ ನಿರೀಕ್ಷಕಿ ಎಂದು ಕೇಳಿದ ಕೂಡಲೇ ನನ್ನ ಬಳಿ ಕೆಮ್ಮಿಗೆ ಗುಳಿಗೆ ಕೇಳಿದವರಿದ್ದಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆಯವರೇ ನಾಲ್ಕು ಮಂದಿಯೆದುರು, "ನಮ್ಮ ಸೊಸಿ ದವಾಖಾನ್ಯಾಗ ಅದಾಳ್ರಿ" ಎಂದು ಹೇಳುತ್ತಿದ್ದರು. ಗಟಾರ, ಕಸ, ಹಂದಿ, ನಾಯಿ ಎಂದು ಹೇಳುವುದಕ್ಕೆ ಅವರಿಗೆ ಸಂಕೋಚ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಎಂದು ವರ್ಗವಾಗುತ್ತ, ಮತ್ತೆ ಅದೇ ಊರುಗಳಿಗೆ ಮರಳುತ್ತ ನಾನು ನೌಕರಿ ಮುಗಿಸಿದೆ. ಈಗ ಹಂಸಭಾವಿಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ಆಗಾಗ ಫೋನ್ ಮಾಡಿ, "ಅಕ್ಕಾರ, ತರಬೇತಿಯೊಳಗ ಹೇಳಿದ್ದ ಒಂದು, ಇಲ್ಲೆ ಆಗೂದ ಒಂದು" ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಸಂಗತಿ ಯಾವ ಊರಿನದೆಂದು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ತಾವು ಬಚಾವಾದೆವೆಂದು ತಿಳಿದಾರು.

ಗಟಾರ, ಕಸ ಇವೆಲ್ಲ ಈ ಕೆಲಸದ ಹಗುರ ಭಾಗ. ಕಸ ಎದುರು ಮಾತಾಡುವುದಿಲ್ಲ, ಅದಕ್ಕೆ ಬೀಗರು ನೆಂಟರು ಇರುವುದಿಲ್ಲ. ಕಷ್ಟ ಬರುವುದು ಮನುಷ್ಯರ ಮೇಲೆ ಮನುಷ್ಯರು ಅರ್ಜಿ ಹಿಡಿದುಕೊಂಡು ಬಂದಾಗ. ಪಕ್ಕದ ಮನೆಯವನು ಬಾಗಿಲೆದುರು ಮೂತ್ರ ಮಾಡುತ್ತಾನೆ, ಎದುರಿನವನು ಸ್ಪೀಕರ್ ಹಚ್ಚಿ ಮಲಗುತ್ತಾನೆ, ಓಣಿಯ ತುದಿಯಲ್ಲಿ ನಾಲ್ಕು ಮಂದಿ ಕೂತು ಹೋಗಿ ಬರುವ ಹೆಣ್ಣುಮಕ್ಕಳಿಗೆ ಬಾಯಿಗೆ ಬಂದದ್ದು ಅನ್ನುತ್ತಾರೆ. ಇಂಥ ಅರ್ಜಿ ಬಂದಾಗ ಇಡೀ ಕಚೇರಿಗೆ ಒಮ್ಮೆಲೇ ಕಾಯಿದೆ ನೆನಪಾಗುತ್ತದೆ. ಯಾವ ಕಲಮಿನ ಪ್ರಕಾರ ಇದು ತಮ್ಮ ಕೆಲಸವಲ್ಲ ಎಂದು ಹುಡುಕಲು ಎಲ್ಲರೂ ತೊಡಗುತ್ತಾರೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಬಹಳ ಮೃದು ಮನುಷ್ಯ. ಯಾರ ಮೇಲೂ ಸಿಟ್ಟಾದದ್ದನ್ನು ನಾನು ಕಾಣಲಿಲ್ಲ. ಅಕ್ಷರ ಮುತ್ತಿನಂತೆ. ಆ ಅಕ್ಷರದಲ್ಲಿ ಅವರು ಹೆಚ್ಚಾಗಿ ಬರೆಯುತ್ತಿದ್ದದ್ದು ಹಿಂಬರಹ. ಅರ್ಜಿದಾರರಿಗೆ ಕಚೇರಿ ಕೊಡುವ ಲಿಖಿತ ಉತ್ತರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. "ಅರ್ಜಿ ನಮ್ಮ ಟೇಬಲ್ ಮ್ಯಾಲೆ ಇರಬಾರದು ನೋಡ್ ತಂಗಿ. ಎಲ್ಲರೆ ಇರ್ಲಿ, ನಮ್ಮ ಟೇಬಲ್ ಮ್ಯಾಲೆ ಬ್ಯಾಡ" ಎಂದು ಮೊದಲ ವಾರವೇ ನನಗೆ ಹೇಳಿದ್ದರು.

ಆಗ ಒಬ್ಬ ನಿವೃತ್ತ ಕಂಪೌಂಡರರು ಬರುತ್ತಿದ್ದರು. ಅವರ ಪಕ್ಕದ ಮನೆಯವನದು ಬ್ಯಾಂಜೊ ಪಾರ್ಟಿ. ಮದುವೆ ಮೆರವಣಿಗೆಗಳಲ್ಲಿ ಬಾರಿಸುವ ತಂಡ. ಮದುವೆ ಇಲ್ಲದ ದಿನ ಮನೆಯಲ್ಲೇ ತಾಲೀಮು. ಈ ಕಂಪೌಂಡರರ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದವರು. ಡೋಲು ಬಡಿದಾಗೆಲ್ಲ ಬೆಚ್ಚಿ ಬೀಳುತ್ತಿದ್ದರಂತೆ. ಕುಲಕರ್ಣಿಯವರು, ಶಬ್ದದ ವಿಷಯ ಪೊಲೀಸರಿಗೆ ಸಂಬಂಧಿಸಿದ್ದು ಎಂದು ಹಿಂಬರಹ ಕೊಟ್ಟರು. ಪೊಲೀಸರು, ವಸತಿ ಜಾಗದಲ್ಲಿ ಧಂದೆ ನಡೆಸುವುದು ಪುರಸಭೆಗೆ ಸಂಬಂಧಿಸಿದ್ದು ಎಂದರು. ಆ ಮನುಷ್ಯ ಎರಡೂ ಕಡೆ ಎಷ್ಟು ಅಲೆದರೆಂದರೆ ನಮ್ಮ ಜವಾನ ಅವರು ಬರುವುದನ್ನು ನೋಡಿ ಚಹ ತರಿಸಲು ಶುರು ಮಾಡಿದ. ಕೊನೆಗೆ ಅವರು ಮನೆ ಮಾರಿ ತಾಯಿಯನ್ನು ಕರೆದುಕೊಂಡು ಶಿಗ್ಗಾಂವಕ್ಕೆ ಹೋದರು. ಮನೆ ಕೊಂಡವನು ಆ ಬ್ಯಾಂಜೊದವನೇ.

"ನೋಡ್ ತಂಗಿ, ತಕರಾರು ತಾನ ಮುಗೀತು" ಎಂದರು ಕುಲಕರ್ಣಿ ಸಾಹೇಬರು. ವ್ಯಂಗ್ಯವಾಗಿ ಹೇಳಿದರೆಂದು ನೀವು ತಿಳಿಯಬಾರದು. ಸಮಾಧಾನದಿಂದಲೇ ಹೇಳಿದರು.

ಮುಂದೆ ನಾನು ಶಿಗ್ಗಾಂವಕ್ಕೆ ವರ್ಗವಾದಾಗ ಆ ಕಂಪೌಂಡರರು ಸಂತೆಯಲ್ಲಿ ಸಿಕ್ಕರು. ಅವರ ಹೊಸ ಮನೆ ಹೆದ್ದಾರಿಗೆ ಹತ್ತಿರ. "ಬಸ್ಸಿನ ಹಾರ್ನ್ ಕೇಳತಾವ್ರಿ. ಆದ್ರ ಬಸ್ಸಿಗೆ ನನ್ನ ಮ್ಯಾಲೆ ಹಟ ಇಲ್ಲ ನೋಡ್ರಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಾಲಕ್ರಮದಲ್ಲಿ ಹಿಂಬರಹ ಕಡಿಮೆಯಾಗಿ ಫೋನಿನ ದೂರು ವ್ಯವಸ್ಥೆ ಬಂತು. ಜನ ತಮ್ಮ ಮೊಬೈಲಿನಲ್ಲೇ ದೂರು ಹಾಕಬಹುದು, ಅದು ನೇರ ನಮ್ಮ ಮೊಬೈಲಿಗೆ ಬರುತ್ತದೆ, ಕೆಲಸ ಮಾಡಿ ಫೋಟೊ ಏರಿಸಿದರೆ 'ಪರಿಹರಿಸಲಾಗಿದೆ' ಎಂದು ಹಸಿರು ಬಣ್ಣ ಬರುತ್ತದೆ. ಒಳ್ಳೆಯದೇ ಆಯಿತೆಂದು ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ದೂರು ಹಾಕುವವರು ಮೊದಲು ಒಂದು ವರ್ಗ ಆರಿಸಬೇಕು. ಕಸ, ಗಟಾರ, ಬೀದಿದೀಪ, ಬೀದಿನಾಯಿ, ನೀರು. ಮನುಷ್ಯರ ಉಪದ್ರವಕ್ಕೆ ವರ್ಗವೇ ಇಲ್ಲ. ಅದನ್ನು ಜನ ಹೇಗೋ ಕಸದಲ್ಲೋ ಬೀದಿದೀಪದಲ್ಲೋ ತುರುಕುತ್ತಿದ್ದರು. ನಾವು ಕಸ ತೆಗೆದು, ದೀಪ ಹಚ್ಚಿ, ಹಸಿರು ಮಾಡಿ ಕೈ ತೊಳೆದುಕೊಳ್ಳುತ್ತಿದ್ದೆವು.

ನೀಲಮ್ಮ ನನ್ನ ಟೇಬಲ್ಲಿನ ಎದುರು ಬಂದು ನಿಂತದ್ದು ಇಂಥ ಹಸಿರು ಬಣ್ಣ ಬಿದ್ದ ಮರುದಿನ. ನಲವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಆಕೆಯ ಗಂಡ ಗೋವಿನಜೋಳದ ವ್ಯಾಪಾರಿಯೊಬ್ಬರ ಹತ್ತಿರ ಟೆಂಪೊ ಓಡಿಸುತ್ತಿದ್ದ. ತನ್ನ ಮೊಬೈಲನ್ನು ನನ್ನೆದುರು ಇಟ್ಟು, "ಅಕ್ಕಾರ, ಇದನ್ನ ಓದ್ರಿ. 'ಪರಿಹರಿಸಲಾಗಿದೆ' ಅಂತ ಬಂದೇತಿ. ಏನ್ ಪರಿಹಾರ ಆತು ಅಂತ ಬಂದು ನಂಗ ತೋರಸ್ರಿ" ಎಂದಳು.

ಹೋದೆ. ಅವಳ ಮನೆಗೆ ಹೊಂದಿಕೊಂಡು ಉದ್ಯಾನಕ್ಕೆಂದು ಬಿಟ್ಟ ಖುಲ್ಲಾ ಜಾಗವಿತ್ತು. ಬಡಾವಣೆಯ ನಕ್ಷೆಯಲ್ಲಿ ಮಾತ್ರ ಉದ್ಯಾನ. ನಿಜದಲ್ಲಿ ಜಾಲಿಗಿಡ, ಅಗ್ಗದ ವಿಸ್ಕಿಯ ಖಾಲಿ ಪಾಕೀಟು, ಪ್ಲಾಸ್ಟಿಕ್ ಲೋಟ, ಖಾರಾ ಪೊಟ್ಟಣ. ನಮ್ಮವರು ಹಿಂದಿನ ದಿನ ಅವನ್ನೆಲ್ಲ ಗುಡಿಸಿ ಫೋಟೊ ಏರಿಸಿದ್ದರು. ಮರುದಿನ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ ಬಿದ್ದಿದ್ದವು. ಕುಡಿಯುವವರು ಊಟದ ಹೊತ್ತಿಗೆ ಬಂದು ಬೇವಿನ ಗಿಡದ ಕೆಳಗೆ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ನೀಲಮ್ಮನ ಹಿಂಗೋಡೆಯೇ ಅವರ ಮೂತ್ರದ ಜಾಗ. ಹೊಲಿಗೆಗೆ ಬರುವ ಹುಡುಗಿಯರಿಗೆ ಆ ಜಾಗದ ಮುಂದಿನಿಂದಲೇ ಹಾದಿ.

ನಾನು ಹತ್ತಿರ ಹೋದಾಗ ಅವರಲ್ಲಿ ಯಾರೂ ಗಾಬರಿಯಾಗಲಿಲ್ಲ. ಒಬ್ಬನಂತೂ ಪಕ್ಕದ ಕಲ್ಲಿನ ಧೂಳು ಒರೆಸಿ, "ಬರ್ರಿ ಅಕ್ಕಾರ, ಕುಂದರ್ರಿ. ಬಿಸಲಾಗ ಬಂದೀರಿ" ಎಂದ. ಉಳಿದವರು ನಕ್ಕರು.

"ಇದು ಪುರಸಭೆ ಜಾಗ. ಇಲ್ಲಿ ಕುಡ್ಯಾಂಗಿಲ್ಲ. ಏಳ್ರಿ" ಎಂದೆ.

"ಪುರಸಭೆ ಜಾಗ ಅಂದ್ರ ಮಂದಿ ಜಾಗ. ನಾವೂ ಮಂದಿನರಿ" ಎಂದ ಅವನೇ. ಅವನು ಆ ವಾರ್ಡಿನ ಸದಸ್ಯರ ತಂಗಿಯ ಗಂಡ ಎಂದು ನೀಲಮ್ಮ ಆಮೇಲೆ ಹೇಳಿದಳು. ನಮ್ಮ ಕಚೇರಿಯಲ್ಲಿ ಈ ಸಂಗತಿ ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ. ಹೊಸದಾಗಿ ಆ ಊರಿಗೆ ವರ್ಗವಾಗಿ ಬಂದಿದ್ದೆ.

ಮುಂದಿನ ತಿಂಗಳುಗಳಲ್ಲಿ ಆದದ್ದನ್ನು ಬರೆಯುವಾಗ ಈಗಲೂ ತಲೆ ಬಿಸಿಯಾಗುತ್ತದೆ. ಪೊಲೀಸ್ ಠಾಣೆಗೆ ಪತ್ರ ಬರೆದೆ. ಜಾಗದ ಮಾಲೀಕರಾದ ನೀವು ಬೇಲಿ ಹಾಕಿಸಿಕೊಳ್ಳಿ ಎಂದು ಉತ್ತರ ಬಂತು. ಬೇಲಿಗೆ ಪ್ರಸ್ತಾವನೆ ಕಳಿಸಿದೆ. ಸದಸ್ಯರು ಸಭೆಯಲ್ಲಿ ಎದ್ದು, ಬೇಲಿ ಯಾಕೆ, ಗೋಡೆಯನ್ನೇ ಕಟ್ಟಿಸೋಣ ಎಂದರು. ಬಹಳ ಉದಾರ ಮನಸ್ಸು ಎಂದುಕೊಂಡೆ. ಎದೆಮಟ್ಟದ ಗೋಡೆ ಎದ್ದಿತು, ಗೇಟು ಬಂತು, ಗೇಟಿಗೆ ಬೀಗ ಬೀಳಲಿಲ್ಲ. ಮೊದಲು ರಸ್ತೆಗೆ ಕಾಣುತ್ತಿದ್ದವರು ಈಗ ಗೋಡೆಯ ಮರೆಯಲ್ಲಿ ನೆಮ್ಮದಿಯಾಗಿ ಕೂತರು. ಪುರಸಭೆಯೇ ಕುಡುಕರಿಗೆ ಕೋಣೆ ಕಟ್ಟಿಸಿಕೊಟ್ಟಂತಾಯಿತು. ನಾನು ಸದಸ್ಯರ ಎದುರು ಹೀಗೆಂದೇ ಹೇಳಿದೆ.

ಅವರು ನನಗೆ ತಿಳಿಹೇಳುವವರಂತೆ, "ಕುಡ್ಯೋರು ಎಲ್ಲೆರೆ ಕುಂದ್ರಬೇಕಲ್ರಿ ಅಕ್ಕಾರ. ಅವರೂ ನಮ್ಮ ವಾರ್ಡಿನ ಮತದಾರರು" ಎಂದರು.

ಮೂತ್ರದ ಸಮಸ್ಯೆಗೆ ನಮ್ಮ ಮುಖ್ಯಾಧಿಕಾರಿಗಳೇ ಒಂದು ಉಪಾಯ ತಂದರು. ಬೇರೆ ಜಿಲ್ಲೆಯಿಂದ ಬಂದ ತರುಣ, ಮಾತು ಚುರುಕು. ನೀಲಮ್ಮನ ಹಿಂಗೋಡೆಗೆ ಎಲ್ಲ ಧರ್ಮದ ದೇವರ ಚಿತ್ರವಿರುವ ಟೈಲ್ಸ್ ಅಂಟಿಸೋಣ, ಭಯದಿಂದ ಯಾರೂ ಬರುವುದಿಲ್ಲ ಎಂದರು. ಟೈಲ್ಸ್ ಹಿಡಿದು ಹೋದ ಗೌಂಡಿಯನ್ನು ನೀಲಮ್ಮ ಬಾಗಿಲಲ್ಲೇ ತಡೆದಳು.

"ದೇವರನ್ನ ತಂದು ಇಲ್ಲೆ ಕಾವಲಿಗೆ ನಿಲ್ಲಸ್ತೀರೇನ್ರಿ? ಅವ್ರು ಚಿತ್ರದ ಮ್ಯಾಲೆ ಮಾಡಿದ್ರ ಆ ಪಾಪ ಯಾರಿಗೆ? ಅದರ ಮ್ಯಾಲೆ ಊರಾಗ ಬಡದಾಟ ಆದ್ರ ಯಾರು ಬಿಡಿಸವ್ರು? ದೇವರು ಮಾಡೋ ಕೆಲಸ ಆದ್ರ ನಿಮಗ್ಯಾಕ ಕಚೇರಿ?"

ಗೌಂಡಿಯ ಜೊತೆ ಹೋಗಿದ್ದ ನಾನು ಅವನನ್ನು ಹಿಂದಕ್ಕೆ ಕರೆದೆ. ಟೈಲ್ಸ್ ಮರಳಿ ಬಂದು ನಮ್ಮ ಸ್ಟೋರಿನಲ್ಲಿ ಕೂತವು.

ಇಷ್ಟರಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಕ್ಲಾಸು ಬಿಡತೊಡಗಿದ್ದರು. ಮೊದಲು ಬಿಟ್ಟವಳು ದೀಪಾ. ಕೈ ಬಹಳ ಚಂದ, ಒಂದು ಸಲ ತೋರಿಸಿದರೆ ಕಟ್ಟಿಂಗ್ ಕಲಿಯುತ್ತಾಳೆ ಎಂದು ನೀಲಮ್ಮ ಹೇಳುತ್ತಿದ್ದ ಹುಡುಗಿ. ಅವಳ ಅಪ್ಪ ಬಂದು, "ಮಂದಿ ಬಾಯಾಗ ನಮ್ಮ ಹುಡುಗಿ ಹೆಸರು ಬ್ಯಾಡ್ರಿ" ಎಂದಷ್ಟೇ ಹೇಳಿ ಅವಳ ಕತ್ತರಿ, ಬಟ್ಟೆ ತೆಗೆದುಕೊಂಡು ಹೋದನಂತೆ. ಏನಾಯಿತೆಂದು ಹುಡುಗಿ ನೀಲಮ್ಮನೆದುರು ಬಾಯಿ ಬಿಡಲಿಲ್ಲ. ನೀಲಮ್ಮನ ಗಂಡನೂ ಸೋತಿದ್ದ. "ಬಿಟ್ಟಬಿಡು. ಅವರ ಕೂಡ ನಾವು ಬಾಳೇ ಮಾಡಬೇಕು" ಎನ್ನುತ್ತಿದ್ದನಂತೆ.

ನೀಲಮ್ಮ ಬಿಡಲಿಲ್ಲ, ಮೇಲಿನವರಿಗೆ ಬರೆದಳು. ಮೇಲಿನಿಂದ ನಮ್ಮ ಕಚೇರಿಗೆ 'ಕ್ರಮ ಕೈಗೊಂಡು ವರದಿ ಸಲ್ಲಿಸಿ' ಎಂದು ಬಂತು. ಆಗ ನಮ್ಮ ಕಚೇರಿ ಕ್ರಮ ಕೈಗೊಂಡಿತು. ಯಾರ ಮೇಲೆ? ನೀಲಮ್ಮನ ಮೇಲೆ. ವಸತಿ ಮನೆಯಲ್ಲಿ ಉದ್ದಿಮೆ ಪರವಾನಗಿ ಇಲ್ಲದೆ ಹೊಲಿಗೆ ತರಗತಿ ನಡೆಸುತ್ತಿರುವುದಾಗಿ ಸಾರ್ವಜನಿಕರಿಂದ ದೂರು ಬಂದಿದೆ, ಕೂಡಲೇ ನಿಲ್ಲಿಸತಕ್ಕದ್ದು ಎಂದು ನೋಟಿಸ್. ವರ್ಷಗಟ್ಟಲೆ ಕಾಲಿಲ್ಲದಂತೆ ಬಿದ್ದಿದ್ದ ಕಚೇರಿ ಈ ಒಂದು ಕಾಗದಕ್ಕೆ ಓಡಿತು. ಬೆಳಿಗ್ಗೆ ದೂರು, ಮಧ್ಯಾಹ್ನ ಟೈಪು, ಸಂಜೆಗೆ ಸಹಿ. ಆ ಸಾರ್ವಜನಿಕರು ಯಾರೆಂದು ನಾನು ಕೇಳಿದೆ. ಮುಖ್ಯಾಧಿಕಾರಿಗಳು, "ದೂರುದಾರರ ಹೆಸರು ಗೌಪ್ಯ ಮೇಡಂ" ಎಂದರು. ನೀಲಮ್ಮನ ಹೆಸರನ್ನು ಗೌಪ್ಯವಾಗಿಡಬೇಕೆಂದು ಅವತ್ತಿನ ತನಕ ಅವರಿಗೆ ಹೊಳೆದಿರಲಿಲ್ಲ. ಅವಳು ಕೊಟ್ಟ ಪ್ರತಿಯೊಂದು ಅರ್ಜಿ ಅದೇ ಸಂಜೆ ಆ ಬೇವಿನ ಗಿಡದ ಕೆಳಗೆ ಚರ್ಚೆಯಾಗುತ್ತಿತ್ತು.

ನೋಟಿಸ್ ಹಿಡಿದು ನಾನೇ ಹೋದೆ. ಬೇರೆ ಯಾರಾದರೂ ಹೋಗಿ ಬಾಗಿಲಿಗೆ ಅಂಟಿಸಿ ಅವಮಾನ ಮಾಡುವುದಕ್ಕಿಂತ ಅದೇ ವಾಸಿ ಎನಿಸಿತು. ನೀಲಮ್ಮ ಕಾಲಿನಿಂದ ತುಳಿಯುವ ಹೊಲಿಗೆ ಮಶೀನಿನ ಮುಂದೆ ಕೂತಲ್ಲೇ ಓದಿದಳು. ಓದಿ ಮಡಚಿ ಮಶೀನಿನ ಡಬ್ಬಿಯಲ್ಲಿಟ್ಟಳು.

"ಮನ್ಯಾಗ ನಡಸಬಾರದು ಅಂತ ಹೌದಲ್ರಿ ಅಕ್ಕಾರ?"

"ಹೌದು."

"ಹೊರಗ ನಡಸಬಹುದಲ್ರಿ?"

ಅವಳ ತಲೆಯಲ್ಲಿ ಏನಿದೆಯೆಂದು ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಎರಡು ದಿನ ಬಿಟ್ಟು, ಮುಖ್ಯಾಧಿಕಾರಿಗಳು ನನ್ನನ್ನು ಕೂಗಿ ಕರೆದಾಗ.

"ಮೇಡಂ, ನಿಮ್ಮ ನೀಲಮ್ಮ ಮಶೀನ್‌ಗಳನ್ನೆಲ್ಲ ಪಾರ್ಕಿಗೆ ತಂದು ಇಟ್ಟಿದ್ದಾರಂತೆ! ಹೆಂಗಸರನ್ನ ಸೇರಿಸಿದ್ದಾರಂತೆ. ಯಾರ ಪರ್ಮಿಷನ್ ಇದೆ? ಇದು ಸಾರ್ವಜನಿಕ ಜಾಗದ ಅತಿಕ್ರಮಣ. ಈಗಲೇ ನೋಟಿಸ್ ರೆಡಿ ಮಾಡಿ, ನೀವು ಸಹಿ ಮಾಡಿ ಕೊಡಿ."

ನನ್ನ ನೌಕರಿಯಲ್ಲಿ ನಾನು ದನಿಯೇರಿಸಿದ ಸಂದರ್ಭಗಳು ಕಡಿಮೆ. ಅದೊಂದು. "ಸರ್, ಆ ಜಾಗದಲ್ಲಿ ವರ್ಷಗಟ್ಟಲೆ ಕುಡಿದವರು ಅತಿಕ್ರಮಣ ಮಾಡಲಿಲ್ಲ, ಕುಪ್ಪಸ ಹೊಲಿಯುವವರು ಅತಿಕ್ರಮಣ ಮಾಡಿದರೇ? ಮೊದಲು ಅವರಿಗೆ ನೋಟಿಸ್ ಕೊಡೋಣ. ಆಮೇಲೆ ಇದಕ್ಕೆ ಸಹಿ ಮಾಡುತ್ತೇನೆ" ಎಂದೆ. ಹೊರಗೆ ಗುಮಾಸ್ತರ ಟೈಪಿಂಗ್ ನಿಂತದ್ದು ಕೇಳಿಸಿತು.

ಮುಖ್ಯಾಧಿಕಾರಿಗಳು ಸಿಟ್ಟಿನಿಂದ ತಾವೇ ಜೀಪು ಹತ್ತಿದರು. ಹಾದಿಯಲ್ಲಿ ಸದಸ್ಯರನ್ನೂ ಕೂರಿಸಿಕೊಂಡರು. ಹಿಂದಿನ ಸೀಟಿನಲ್ಲಿ ನಾನು.

ಗೇಟಿನೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ನೆಲ. ಅಷ್ಟು ಸ್ವಚ್ಛವಾಗಿ ನಮ್ಮವರು ಎಂದೂ ಗುಡಿಸಿರಲಿಲ್ಲ. ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಹೊಲಿಗೆ ಮಶೀನುಗಳನ್ನು ಸಾಲಾಗಿ ಇಟ್ಟಿದ್ದರು. ಹುಡುಗಿಯರು, ಅವರ ಜೊತೆ ಅವರ ಅವ್ವಂದಿರು, ಒಬ್ಬಿಬ್ಬರು ಅಜ್ಜಿಯರು. ಒಬ್ಬಾಕೆ ಕೌದಿ ಹರವಿಕೊಂಡು ಕೂತಿದ್ದಳು. ನೀಲಮ್ಮ ಎದ್ದು ಬಂದು, "ಬರ್ರಿ ಸಾಹೇಬ್ರ. ನೋಟಿಸಿನಾಗ ಬರದಂಗ ಮನ್ಯಾಗಿನ ಕ್ಲಾಸ್ ಬಂದ್ ಮಾಡೇನಿ" ಎಂದಳು.

ಸದಸ್ಯರ ಕಣ್ಣು ಮಾತ್ರ ಬೇರೆ ಕಡೆಗಿತ್ತು. ಗಿಡದ ಬುಡಕ್ಕೆ ಒರಗಿ ಕೂತು ಗಂಡಸಿನ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದವಳು ಅವರ ತಂಗಿ ಸಾವಿತ್ರಿ. ಅಂದರೆ, ಅಂದು ನನಗೆ ಕಲ್ಲು ಒರೆಸಿ ಕೂರಿ ಎಂದವನ ಹೆಂಡತಿ.

"ಸಾವಿ, ನೀ ಇಲ್ಲ್ಯಾಕ ಬಂದಿ?" ಸದಸ್ಯರ ದನಿ ತಗ್ಗಿತ್ತು. "ಮನಿಗೆ ನಡಿ."

ಅವಳು ತಲೆಯೆತ್ತಲಿಲ್ಲ. "ಹೋಗೂಣಂತ, ಗಡಬಡಿ ಏನೈತಿ. ನಮ್ಮ ಮನಿಯವ್ರು ಬರೂ ಹೊತ್ತಾತು. ಕೂಡೇ ಹೋಗ್ತೇವಿ."

"ಮಂದ್ಯಾಗ ಮನಿ ಮಾನ ಕಳಿಬ್ಯಾಡ."

ಆಗ ಅವಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಅಣ್ಣನ ಮುಖ ನೋಡಿದಳು. "ಅಣ್ಣಾ, ದಿನಾ ಸಂಜೀಕ ನಮ್ಮ ಮನಿಯವ್ರನ್ನ ಇಬ್ರು ಹೆಗಲ ಮ್ಯಾಲೆ ಹಾಕ್ಕೊಂಡು ಬರ್ತಾರ. ಓಣಿ ಮಂದಿ ಎಲ್ಲಾ ನೋಡ್ತಾರ. ನನ್ನ ಮಗಳು ಕದ ಹಾಕ್ಕೊಂಡು ಒಳಗ ಕುಂದರತಾಳ. ಆವಾಗ ಮಾನ ಎಲ್ಲಿತ್ತು? ಈ ಜಾಗಾಕ್ಕ ಗ್ವಾಡಿ ಕಟ್ಟಿಸಿದಿ. ಯಾರಿಗೆ ಅಂತ ಕಟ್ಟಿಸಿದಿ ಹೇಳು."

ಸದಸ್ಯರು ಗೇಟಿನತ್ತ ತಿರುಗಿ ನಿಂತರು. ಮುಖ್ಯಾಧಿಕಾರಿಗಳು ಮೊಬೈಲ್ ತೆಗೆದು ಅದರಲ್ಲಿ ಏನೋ ಹುಡುಕತೊಡಗಿದರು.

ಅವಳು ಹೇಳಿದಂತೆಯೇ ಆ ಮಂದಿ ಬಂದರು. ನಾಲ್ಕೈದು ಜನ, ಮಾತಾಡುತ್ತ, ನಗುತ್ತ. ಗೇಟಿನಲ್ಲಿ ಸಾವಿತ್ರಿಯ ಗಂಡ ಮುಂದಿದ್ದ, ಅಂಗಿಯ ಕಿಸೆ ಉಬ್ಬಿತ್ತು. ಒಳಗಿನ ಹೆಂಗಸರನ್ನು, ಹೆಂಡತಿಯನ್ನು, ಹೆಂಡತಿಯ ಅಣ್ಣನನ್ನು ಕಂಡು ನಿಂತುಬಿಟ್ಟ. ಅವನ ಹಿಂದಿನವರು ಯಾವ ಮಾಯದಲ್ಲಿ ಕರಗಿದರೋ ಗೊತ್ತಾಗಲಿಲ್ಲ. ಯಾರೂ ಬಯ್ಯಲಿಲ್ಲ. ಸಾವಿತ್ರಿ ಹಲ್ಲಿನಿಂದ ನೂಲು ಕಡಿದು ಅಂಗಿ ಮಡಚಿಕೊಂಡು ಎದ್ದಳು. ಅವನ ಹತ್ತಿರ ಹೋಗಿ, "ನಡೀರಿ" ಎಂದಳು. ಅವನು ತಲೆ ತಗ್ಗಿಸಿ ಅವಳ ಹಿಂದೆ ನಡೆದ.

ಅವನು ಅವತ್ತೇ ಕುಡಿತ ಬಿಟ್ಟ ಎಂದು ಬರೆದರೆ ನೀವು ಓದಿ ಸಂತೋಷಪಡುತ್ತೀರಿ, ಆದರೆ ಹಾಗಾಗಲಿಲ್ಲ. ಕುಡಿಯುವುದು ನಡೆದೇ ಇತ್ತು, ಆ ಜಾಗದಲ್ಲಿ ಮಾತ್ರ ನಿಂತಿತು. ಗುಂಪು ಅಲ್ಲಿಂದ ಎದ್ದು ಊರಾಚೆಯ ಹಾಳು ಇಟ್ಟಂಗಿಭಟ್ಟಿಯತ್ತ ಹೋಯಿತು. ನಮ್ಮ ಕಚೇರಿಯ ಉತ್ಸಾಹ ಮಾತ್ರ ಹೇಳತೀರದು. ಒಂದೇ ವಾರದಲ್ಲಿ ಗೇಟಿಗೆ ಬಣ್ಣ, ಕಂಬಕ್ಕೆ ದೀಪ, ಎರಡು ಸಿಮೆಂಟ್ ಬೆಂಚು, ಸದಸ್ಯರ ಹೆಸರಿನ ಫಲಕ. ಪುರಸಭೆಯ ವಿಶೇಷ ಪ್ರಯತ್ನದಿಂದ ಮಹಿಳಾಸ್ನೇಹಿ ಉದ್ಯಾನ ಎಂದು ಮೇಲಿನವರಿಗೆ ವರದಿ ಹೋಯಿತು. ನೀಲಮ್ಮನಿಗೆ ಶಾಲು ಹೊದಿಸುವ ಕಾರ್ಯಕ್ರಮ ಇಟ್ಟರು. ಅವಳು ಬರಲಿಲ್ಲ. ಅವಳ ಮೇಲಿನ ನೋಟಿಸನ್ನು ಹಿಂಪಡೆಯಿರಿ ಎಂದು ನಾನು ಎಷ್ಟು ಸಲ ಕಡತ ಮಂಡಿಸಿದರೂ ಅದು ಪರಿಶೀಲನೆಯಲ್ಲಿದೆ ಎಂದೇ ಉಳಿಯಿತು. ನಾನು ನಿವೃತ್ತಳಾದ ದಿನವೂ ಪರಿಶೀಲನೆಯಲ್ಲಿತ್ತು.

ಕ್ಲಾಸು ಬಿಟ್ಟಿದ್ದ ಹುಡುಗಿಯರು ತಿರುಗಿ ಬಂದರು, ದೀಪಾ ಒಬ್ಬಳನ್ನು ಬಿಟ್ಟು. ಅವಳನ್ನು ತಿಳವಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿ ಇಟ್ಟಿದ್ದಾರೆ ಎಂದು ನೀಲಮ್ಮನಿಗೆ ಗೊತ್ತಾಯಿತು. ಒಂದು ದಿನ ಕಚೇರಿಗೆ ಬಂದು, "ಅಕ್ಕಾರ, ಆ ಹುಡುಗೀನ ಒಮ್ಮೆ ಮಾತಾಡ್ಸಿ ಬರೂಣು. ನನ್ನ ಮಾತು ಅವರಪ್ಪ ಕೇಳಂಗಿಲ್ಲ. ನೀವು ಸರಕಾರದವ್ರು" ಎಂದಳು. ಸರಕಾರದವರ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ ಉಳಿದಿದ್ದು ನನಗೆ ಆಶ್ಚರ್ಯ. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು.

ಸೋದರತ್ತೆಯ ಮನೆಯ ಕಟ್ಟೆಯ ಮೇಲೆ ದೀಪಾ ಗೋವಿನಜೋಳದ ತೆನೆ ಸುಲಿಯುತ್ತ ಕೂತಿದ್ದಳು. ನಮ್ಮನ್ನು ಕಂಡು ಒಳಗೆ ಹೋಗಿಬಿಟ್ಟಳು. ಅವಳ ಅಪ್ಪನೂ ಅವತ್ತು ತಂಗಿಯ ಹೊಲದ ಕೆಲಸಕ್ಕೆ ಅಲ್ಲಿಗೆ ಬಂದಿದ್ದ. ಜಾಗ ಈಗ ಸ್ವಚ್ಛವಾಗಿದೆ, ಕುಡಿಯುವವರು ಇಲ್ಲ, ದೀಪ ಬಂದಿದೆ, ಬೆಂಚು ಬಂದಿದೆ ಎಂದು ನಾನು ನಮ್ಮ ವರದಿಯನ್ನೇ ಒಪ್ಪಿಸಿದೆ. ಅವನು ಕೇಳುತ್ತ ಕೂತ. "ಹೌದ್ರಿ. ಚಲೋ ಆತ್ರಿ" ಎಂದ. ಮಗಳನ್ನು ಕಳಿಸುತ್ತೇನೆ ಎನ್ನಲಿಲ್ಲ.

ನೀಲಮ್ಮ ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ನನ್ನನ್ನೂ ಕರೆದಳು. ಒಲೆಯ ಪಕ್ಕ ದೀಪಾ ಮೊಣಕಾಲಿಗೆ ಮುಖ ಆನಿಸಿ ಕೂತಿದ್ದಳು.

"ಅಕ್ಕಾರಿಗೆ ಹೇಳವಾ" ಎಂದಳು ನೀಲಮ್ಮ. "ನಂಗ ಹೇಳಿದಿಯಲ್ಲ, ಹಂಗ ಹೇಳು."

ಹುಡುಗಿ ನೆಲ ನೋಡುತ್ತಲೇ ಕೇಳಿದಳು: "ಆ ವಿಡಿಯೊ ಅಳಸ್ಯಾರೇನ್ರಿ?"

"ಯಾವ ವಿಡಿಯೊ?" ಎಂದೆ.

ಆ ಗುಂಪಿನಲ್ಲಿದ್ದ ಒಬ್ಬ ತರುಣ, ದಿನಾ ಅವಳು ಹೋಗಿ ಬರುವಾಗ ಮೊಬೈಲಿನಲ್ಲಿ ಅವಳ ಚಿತ್ರೀಕರಣ ಮಾಡಿದ್ದನಂತೆ. ಅದಕ್ಕೆ ಹಾಡು ಕೂಡಿಸಿ ಗೆಳೆಯರಿಗೆ ತೋರಿಸುತ್ತಿದ್ದನಂತೆ. ಒಂದು ದಿನ ಅಡ್ಡ ನಿಂತು, ತನ್ನೊಡನೆ ಮಾತಾಡದಿದ್ದರೆ ಊರಿಗೆಲ್ಲ ಕಳಿಸುತ್ತೇನೆ ಎಂದನಂತೆ. ಅಷ್ಟೇ. ಅವಳು ಅಪ್ಪನಿಗೆ ಹೇಳಿದಳು, ಅಪ್ಪ ಕತ್ತರಿ ಬಟ್ಟೆ ತಂದ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಷ್ಟು ಅರ್ಜಿ, ಅಷ್ಟು ಪತ್ರ, ಸಭೆ, ಗೋಡೆ, ದೀಪ, ಹಸಿರು ಬಣ್ಣ. ಹುಡುಗಿಗೆ ಬೇಕಾಗಿದ್ದದ್ದು ಇದೊಂದು. ಅದು ನಮ್ಮ ಯಾರ ಕಾಗದದಲ್ಲೂ ಇರಲಿಲ್ಲ. ಯಾಕೆಂದರೆ ನಾವು ಜಾಗವನ್ನು ನೋಡಲು ಹೋಗಿದ್ದೆವು, ಕ್ಲಾಸು ಬಿಟ್ಟ ಹುಡುಗಿಯನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಪೊಲೀಸರೂ ಇಲ್ಲ, ನಾವೂ ಇಲ್ಲ.

"ಠಾಣೆಗೆ ಹೋಗೋಣ. ನಾನು ಬರ್ತೇನಿ" ಎಂದೆ.

ಹೊರಗಿನಿಂದ ಅಪ್ಪ, "ಬ್ಯಾಡ್ರಿ ಅಕ್ಕಾರ. ಕೇಸು ಅಂದ್ರ ಹೆಸರು ಬರ್ತೈತಿ" ಎಂದ.

ದೀಪಾ ಎದ್ದು ನಿಂತು ಸೆರಗಿನ ಹಾಗೆ ಓಢಣಿ ಬಿಗಿದುಕೊಂಡಳು. "ಅಪ್ಪಾ, ಹೆಸರು ಅವನ ಫೋನಿನಾಗ ಐತಿ. ನಾ ಮನ್ಯಾಗ ಕುಂತ್ರ ಅಲ್ಲಿಂದ ಹೋಗಂಗಿಲ್ಲ. ನಾ ಹೋಗ್ತೇನಿ."

ಅಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ತಾನೂ ಹೊರಟ.

ಬಸ್ಸಿನಲ್ಲಿ ಮರಳಿ ನಮ್ಮೂರ ಠಾಣೆಗೆ ಹೋದೆವು. ಅಲ್ಲಿ ಸಬ್‌ಇನ್‌ಸ್ಪೆಕ್ಟರ್ ನನ್ನನ್ನು ಕಂಡು, "ಏನ್ ಮೇಡಮ್ಮರ, ಮತ್ತ ಪಾರ್ಕಿಂದು ತಂದ್ರೇನ್ರಿ? ಅದು ನಿಮ್ಮ ಪುರಸಭೆದು" ಎಂದರು. ನಾನು ಕುರ್ಚಿ ಎಳೆದು ದೀಪಾಳನ್ನು ಕೂರಿಸಿದೆ. "ಇವತ್ತು ಪುರಸಭೆಯಿಂದ ಬಂದಿಲ್ಲ. ಈ ಹುಡುಗಿ ಹೇಳೋದನ್ನ ಬರ್ಕೊಳ್ರಿ. ಬರೆಯುವ ತನಕ ನಾವು ನಾಲ್ಕು ಮಂದಿ ಇಲ್ಲಿಂದ ಏಳಂಗಿಲ್ಲ" ಎಂದೆ. ಅವರು ಮೊದಲು ಬೇಸರದಿಂದಲೇ ಪೆನ್ನು ತೆಗೆದರು. ಹುಡುಗಿ ತಡವರಿಸುತ್ತ ಶುರು ಮಾಡಿ, ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಮುಖ ಬದಲಾಗಿತ್ತು. ಮಹಿಳಾ ಪೇದೆಯನ್ನು ಕರೆದು ಪಕ್ಕದಲ್ಲಿ ಕೂರಿಸಿದರು. ಅದೇ ಸಂಜೆ ಆ ಹುಡುಗನನ್ನು ಕರೆತಂದು ಫೋನು ಜಪ್ತಿ ಮಾಡಿದರು. ಅದರಲ್ಲಿ ದೀಪಾಳ ವಿಡಿಯೊ ಇತ್ತು. ಕ್ಲಾಸಿಗೆ ಬರುತ್ತಿದ್ದ ಇನ್ನೂ ಕೆಲವು ಹುಡುಗಿಯರದೂ ಇತ್ತು. ಅವರ್ಯಾರಿಗೂ ಅದು ಗೊತ್ತಿರಲಿಲ್ಲ.

ಪ್ರಕರಣ ದಾಖಲಾಯಿತು, ಈಗ ಕೋರ್ಟಿನಲ್ಲಿದೆ. ದೀಪಾ ಸ್ವಲ್ಪ ದಿನ ಬಿಟ್ಟು ಕ್ಲಾಸಿಗೆ ಬಂದಳು.

ಠಾಣೆಗೆ ಹೋಗಿ ಬಂದ ಮರುದಿನ ನಾನು ಕಚೇರಿಯಲ್ಲಿ ಕೂತು ಇನ್ನೂ ನೀರು ಕುಡಿದಿರಲಿಲ್ಲ, ಗುಮಾಸ್ತರು ಹಾಜರಿ ಪುಸ್ತಕ ಹಿಡಿದು ಬಂದರು.

"ಅಕ್ಕಾರ, ನಿನ್ನಿ ದಿನದ್ದು ಏನಂತ ಹಾಕ್ಲಿ? ಕರ್ತವ್ಯ ಅಂತ ಹಾಕಿದ್ರ ಸಾಹೇಬ್ರು ಕೇಳ್ತಾರ. ತಿಳವಳ್ಳಿ ನಮ್ಮ ಹದ್ದಿನಾಗ ಬರಂಗಿಲ್ಲ. ಪೊಲೀಸ್ ಸ್ಟೇಷನ್ ಕೆಲಸಾನೂ ನಮ್ಮದಲ್ಲ."

"ರಜೆ ಅಂತ ಹಾಕ್ಕೋರಿ" ಎಂದೆ.